ಈ ತಿಂಗಳ ಪಾಠ: ಮನೆಯೊಳಗಿನ ಹಿಂಸೆ – ಸಂಘದ ಅಕ್ಕತಂಗಿಯರು ಏನು ಮಾಡಬಹುದು?



ಸಂಘದ ಸಭೆಯಲ್ಲಿ ನಾವು ಉಳಿತಾಯದ ಬಗ್ಗೆ ಮಾತಾಡುತ್ತೇವೆ. ಸಾಲ, ಬಡ್ಡಿ, ಆರೋಗ್ಯ, ಮಕ್ಕಳ ಶಾಲೆ, ಬೀದಿಯ ನಲ್ಲಿ, ಚರಂಡಿ ಎಲ್ಲದರ ಬಗ್ಗೆಯೂ ಮಾತಾಡುತ್ತೇವೆ. ಒಂದು ವಿಷಯ ಮಾತ್ರ ಸಭೆಯಲ್ಲಿ ಬರುವುದಿಲ್ಲ. ಸಭೆ ಮುಗಿದು ಎಲ್ಲರೂ ಎದ್ದ ಮೇಲೆ, ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ, ಪಿಸುಮಾತಿನಲ್ಲಿ ಬರುತ್ತದೆ: "ನಿನ್ನೆ ರಾತ್ರಿ ಮತ್ತೆ ಗಲಾಟೆ ಅಕ್ಕಾ." ಕೇಳಿದವರು "ಹೂಂ, ಏನ್ಮಾಡೋದು, ಅಡ್ಜಸ್ಟ್ ಮಾಡ್ಕೊಂಡು ಹೋಗು" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಬಾಗಿಲ ಹತ್ತಿರ ನಿಂತುಹೋಗುವ ಈ ಮಾತನ್ನು ಸಭೆಯ ಚಾಪೆಯ ಮೇಲೆ ತರುವುದೇ ಈ ಪಾಠದ ಉದ್ದೇಶ.

ನಮ್ಮಲ್ಲಿ ಎಷ್ಟು ಮಂದಿ?

ಸರ್ಕಾರ ನಡೆಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ನಮ್ಮ ರಾಜ್ಯದಲ್ಲಿ 2019-20ರಲ್ಲಿ ನಡೆಯಿತು. ಮದುವೆಯಾದ, 18ರಿಂದ 49 ವರ್ಷದೊಳಗಿನ ಮಹಿಳೆಯರನ್ನು ಕೇಳಿದಾಗ ಕರ್ನಾಟಕದಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಎಂದು ಹೇಳಿದರು. ಇಪ್ಪತ್ತು ಸದಸ್ಯೆಯರ ಒಂದು ಸಂಘವನ್ನು ಮನಸ್ಸಿಗೆ ತಂದುಕೊಳ್ಳಿ. ಈ ಲೆಕ್ಕದಲ್ಲಿ ಆ ಚಾಪೆಯ ಮೇಲೆ ಕೂತವರಲ್ಲಿ ಎಂಟು-ಒಂಬತ್ತು ಮಂದಿ.

ಅದೇ ಸಮೀಕ್ಷೆಯ ಇನ್ನೊಂದು ಲೆಕ್ಕ ನಮಗೆ ಇನ್ನೂ ಮುಖ್ಯ. ಇಡೀ ದೇಶದಲ್ಲಿ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಸಹಾಯ ಕೇಳಿದವರು ಶೇ. 14 ಮಾತ್ರ. ಸಹಾಯವನ್ನೂ ಕೇಳದೆ, ಒಬ್ಬರ ಹತ್ತಿರವೂ ಹೇಳಿಕೊಳ್ಳದೆ ನುಂಗಿಕೊಂಡವರು ಶೇ. 77. ಕಾನೂನು ಇದೆ, ಠಾಣೆ ಇದೆ, ಸಹಾಯವಾಣಿ ಇದೆ. ಆದರೆ ಮೊದಲ ಏಟಿಗೂ ಮೊದಲ ಮಾತಿಗೂ ನಡುವೆ ಎಷ್ಟೋ ವರ್ಷ ಕಳೆದುಹೋಗುತ್ತದೆ. ಆ ವರ್ಷಗಳನ್ನು ಕಡಿಮೆ ಮಾಡುವ ಶಕ್ತಿ ಪೊಲೀಸರಿಗಿಂತ, ವಕೀಲರಿಗಿಂತ ಹೆಚ್ಚಾಗಿ ಸಂಘಕ್ಕಿದೆ. ಯಾಕೆಂದರೆ ವಾರವಾರವೂ ಅವಳ ಮುಖ ನೋಡುವವರು ನೀವು.

ಹಿಂಸೆ ಅಂದರೆ ಹೊಡೆತ ಮಾತ್ರವೇ?

"ನಮ್ಮನೆಯವ್ರು ಕೈ ಎತ್ತಲ್ಲ, ಬಾಯಲ್ಲೇ ಕೊಲ್ತಾರೆ" ಎಂದು ಹೇಳುವವರಿದ್ದಾರೆ. ಕಾನೂನು ಅದನ್ನೂ ಹಿಂಸೆ ಎಂದೇ ಕರೆಯುತ್ತದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ 2005ರಲ್ಲಿ ಬಂದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದು ಹಿಂಸೆಯನ್ನು ನಾಲ್ಕು ಬಗೆಯಾಗಿ ಹೇಳುತ್ತದೆ.

1. ದೈಹಿಕ ಹಿಂಸೆ: ಹೊಡೆಯುವುದು, ಒದೆಯುವುದು, ತಳ್ಳುವುದು, ಸುಡುವುದು, ಕತ್ತು ಹಿಸುಕುವುದು.
2. ಲೈಂಗಿಕ ಹಿಂಸೆ: ಮಹಿಳೆಯ ಮಾನಕ್ಕೆ ಕುಂದು ತರುವ, ಅವಳನ್ನು ಅವಮಾನಕ್ಕೆ ಗುರಿಮಾಡುವ ಲೈಂಗಿಕ ವರ್ತನೆ. ಇದನ್ನು ಹೇಳಿಕೊಳ್ಳಲು ನಮ್ಮವರು ಅತಿ ಹೆಚ್ಚು ನಾಚುತ್ತಾರೆ.
3. ಮಾತಿನ ಮತ್ತು ಮನಸ್ಸಿನ ಹಿಂಸೆ: ಬೈಗುಳ, ಹೀಯಾಳಿಕೆ, ಹೊಡೀತೀನಿ ಎಂಬ ಬೆದರಿಕೆ. ಮಕ್ಕಳಾಗಲಿಲ್ಲ, ಗಂಡು ಹೆರಲಿಲ್ಲ ಎಂದು ಚುಚ್ಚುವುದನ್ನು ಕಾಯ್ದೆಯೇ ಹೆಸರಿಸಿ ಹಿಂಸೆ ಎಂದಿದೆ.
4. ಹಣಕಾಸಿನ ಹಿಂಸೆ: ಮನೆ ಖರ್ಚಿಗೆ ಕೊಡದಿರುವುದು, ಅವಳ ದುಡಿಮೆ ಕಿತ್ತುಕೊಳ್ಳುವುದು, ತವರಿನ ಒಡವೆ ಮಾರುವುದು ಅಥವಾ ಅಡವಿಡುವುದು, ಮನೆಯ ಸಾಮಾನು ಅವಳ ಕೈಗೆ ಸಿಗದಂತೆ ಮಾಡುವುದು.

ಈ ಕಾಯ್ದೆ ಹೆಂಡತಿಗೆ ಮಾತ್ರ ಅಲ್ಲ. ಒಂದೇ ಮನೆಯಲ್ಲಿ ಬಾಳುವ ತಾಯಿ, ಅಕ್ಕತಂಗಿ, ಮಗಳು, ವಿಧವೆ ಅತ್ತಿಗೆ, ಮದುವೆಯಂತೆಯೇ ಜೊತೆಯಲ್ಲಿ ಬಾಳುತ್ತಿರುವ ಹೆಣ್ಣು, ಎಲ್ಲರಿಗೂ ಅನ್ವಯಿಸುತ್ತದೆ. ಜಾತಿ ಧರ್ಮದ ಭೇದವಿಲ್ಲ. ಮಗ ಕುಡಿದು ಬಂದು ವಯಸ್ಸಾದ ತಾಯಿಯ ಪಿಂಚಣಿ ಕಿತ್ತುಕೊಂಡರೆ ಆ ತಾಯಿಯೂ ದೂರು ಕೊಡಬಹುದು.

ಸಂಘದ ಪುಸ್ತಕ ಏನು ಹೇಳುತ್ತದೆ?

ಹೊಡೆತದ ಗಾಯ ಸೆರಗಿನ ಕೆಳಗೆ ಅಡಗುತ್ತದೆ. ಆದರೆ ಹಣಕಾಸಿನ ಹಿಂಸೆ ಅಡಗುವುದಿಲ್ಲ. ಅದು ನಮ್ಮದೇ ಹಾಜರಿ ಪುಸ್ತಕದಲ್ಲಿ, ಸಾಲದ ಲೆಡ್ಜರಿನಲ್ಲಿ ಬರೆದಿರುತ್ತದೆ. ಓದಲು ಕಲಿಯಬೇಕು, ಅಷ್ಟೆ.

ಈ ಗುರುತುಗಳನ್ನು ಗಮನಿಸಿ:

- ವರ್ಷಗಟ್ಟಲೆ ತಪ್ಪದೆ ಬರುತ್ತಿದ್ದವಳು ಈಗ ಎರಡು ವಾರಕ್ಕೊಮ್ಮೆ ಬರುತ್ತಾಳೆ. ಬಂದರೂ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಾಳೆ. ಉಳಿತಾಯದ ಹಣವನ್ನು ಮಗುವಿನ ಕೈಯಲ್ಲಿ ಕಳಿಸುತ್ತಾಳೆ.
- ಸಾಲದ ಅರ್ಜಿಯಲ್ಲಿ "ಹೊಲಿಗೆ ಮಿಷನ್ನಿಗೆ" ಎಂದಿದೆ. ಆರು ತಿಂಗಳಾದರೂ ಮನೆಗೆ ಮಿಷನ್ ಬಂದಿಲ್ಲ. ಯಾಕೆ ಎಂದು ಕೇಳಿದರೆ ತಲೆ ತಗ್ಗಿಸುತ್ತಾಳೆ.
- ಒಂದು ಸಾಲ ತೀರುವ ಮೊದಲೇ ಇನ್ನೊಂದು ಕೇಳುತ್ತಾಳೆ. ಸಂಘದಲ್ಲಿ ಸಿಗದಿದ್ದರೆ ಮೈಕ್ರೋ ಫೈನಾನ್ಸಿಗೆ ಹೋಗುತ್ತಾಳೆ. ಸಹಿ ಅವಳದು, ದುಡ್ಡು ಅವನದು, ಕಂತು ಮತ್ತೆ ಅವಳದು.
- ಪಾಸ್‌ಬುಕ್ಕೂ ಎ.ಟಿ.ಎಂ. ಕಾರ್ಡೂ ಗಂಡನ ಹತ್ತಿರ ಇದೆ. 2023ರಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ಅವಳ ಖಾತೆಗೆ ಬೀಳುತ್ತದೆ, ತೆಗೆಯುವವನು ಅವನು.
- ಕಿವಿಯ ಓಲೆ ಹೋಯಿತು, ಆಮೇಲೆ ಸರ ಹೋಯಿತು. "ಅಡವಿಟ್ಟಿದ್ದೀನಿ" ಅನ್ನುತ್ತಾಳೆ. ಯಾವುದಕ್ಕೆ ಎಂದರೆ ಉತ್ತರವಿಲ್ಲ.

ಇವುಗಳಲ್ಲಿ ಒಂದು ಕಂಡ ಕೂಡಲೇ "ಆ ಮನೆಯಲ್ಲಿ ಹೊಡೀತಾರೆ" ಎಂದು ತೀರ್ಮಾನ ಮಾಡಬಾರದು. ಬಡತನದಲ್ಲೂ ಇವೆಲ್ಲ ಆಗುತ್ತವೆ. ಆದರೆ ಎರಡು ಮೂರು ಗುರುತು ಒಟ್ಟಿಗೆ ಕಂಡರೆ ನಂಬಿಕೆಯ ಒಬ್ಬ ಸದಸ್ಯೆ ಅವಳೊಬ್ಬಳನ್ನೇ ಕಂಡು ಕೇಳಬೇಕು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಕಂತು ತಪ್ಪಿದಾಗ ನಾಲ್ಕು ಮಂದಿ ಸೇರಿ ಅವಳ ಮನೆ ಬಾಗಿಲಿಗೆ ಹೋಗಿ, ಗಂಡನ ಎದುರು, ಅಕ್ಕಪಕ್ಕದವರಿಗೆ ಕೇಳುವಂತೆ ದನಿ ಎತ್ತಿದರೆ ಆ ರಾತ್ರಿ ಏಟು ಬೀಳುವುದು ಯಾರಿಗೆ? "ನನ್ನ ಮರ್ಯಾದೆ ತೆಗೆದೆ" ಎಂದು ಅವನು ಹೊಡೆಯುವುದು ಅವಳನ್ನೇ. ಸಂಘದ ದುಡ್ಡು ವಾಪಸ್ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಸೂಲಿಯ ದಾರಿ ಬೇರೆ ಇರಲಿ. ಅವಳನ್ನು ಒಬ್ಬಳೇ ಕರೆದು ಕೇಳಿ. ಕಂತು ಸಣ್ಣದು ಮಾಡಿ, ಅವಧಿ ಹೆಚ್ಚಿಸಿ ನಿರ್ಣಯ ಬರೆಯಿರಿ. ಹೊಸ ಸಾಲ ಕೇಳಿ ಬಂದಾಗ "ಇದು ನಿನಗೆ ಬೇಕಾದ ಸಾಲವಾ, ಅವರು ಕಳಿಸಿದ್ದಾ?" ಎಂದು ಮೆಲ್ಲಗೆ ವಿಚಾರಿಸಿ. "ಸಂಘದ ನಿಯಮದಲ್ಲಿ ಇಲ್ಲವಂತೆ" ಎಂದು ಮನೆಯಲ್ಲಿ ಹೇಳುವ ಅವಕಾಶ ಅವಳಿಗಿರಲಿ. ಬೇಡ ಎನ್ನುವ ಭಾರವನ್ನು ಅವಳ ಹೆಗಲಿನಿಂದ ಸಂಘವೇ ಇಳಿಸಿಕೊಳ್ಳಬೇಕು.

ಕುಡಿತ ಕಾರಣವೇ? ಕೆಲಸ ಹೋದದ್ದು ಕಾರಣವೇ?

ಭದ್ರಾವತಿಯ ಸಂಘಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಮೈಸೂರು ಅರಸರ ಕಾಲದಿಂದ ಆ ಊರು ಬದುಕಿದ್ದೇ ಎರಡು ಕಾರ್ಖಾನೆಗಳ ಮೇಲೆ. ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ವಿ.ಐ.ಎಸ್.ಎಲ್. ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಸೈರನ್ ಸದ್ದಿಗೆ ಎದ್ದು ಪಾಳಿಗೆ ಹೋಗುತ್ತಿದ್ದ ಗಂಡಸು ಮನೆಯಲ್ಲಿ ಕೂರಬೇಕಾಯಿತು. ಹೆಂಗಸರು ಮಾಚೇನಹಳ್ಳಿಯ ಗಾರ್ಮೆಂಟ್ಸಿಗೆ, ಮನೆಕೆಲಸಕ್ಕೆ, ಸುಗ್ಗಿಯಲ್ಲಿ ಅಡಿಕೆ ಸುಲಿಯುವುದಕ್ಕೆ ಹೋಗಿ ಸಂಸಾರ ನಡೆಸಿದರು. ಕಷ್ಟ ನಿಜ. ಆ ಕಷ್ಟವನ್ನು ನಾವು ಹಗುರ ಮಾಡುವುದಿಲ್ಲ.

ಆದರೆ ಒಂದು ವಿಚಾರ ಮಾಡಿ. ಕೆಲಸ ಕಳೆದುಕೊಂಡ ಎಲ್ಲ ಗಂಡಸರೂ ಹೆಂಡತಿಗೆ ಹೊಡೆಯುವುದಿಲ್ಲ. ಸರ್ಕಾರಿ ಸಂಬಳ ಎಣಿಸುವವರಲ್ಲೂ, ಕಾರು ಬಂಗಲೆ ಇರುವವರಲ್ಲೂ ಹೊಡೆಯುವವರಿದ್ದಾರೆ. ಕುಡಿದವನು ದಾರಿಯಲ್ಲಿ ಸಿಕ್ಕ ಪೊಲೀಸಿಗೆ ಹೊಡೆಯುವುದಿಲ್ಲ, ಕೆಲಸ ಕೊಡುವ ಮೇಸ್ತ್ರಿಗೆ ಹೊಡೆಯುವುದಿಲ್ಲ. ಮನೆಗೆ ಬಂದು, ಬಾಗಿಲು ಹಾಕಿ, ಹೆಂಡತಿಗೇ ಹೊಡೆಯುತ್ತಾನೆ. ಅಂದ ಮೇಲೆ ಯಾರಿಗೆ ಹೊಡೆಯಬಹುದು, ಯಾರಿಗೆ ಹೊಡೆಯಬಾರದು ಎಂಬ ಬುದ್ಧಿ ಅಮಲಿನಲ್ಲೂ ಇರುತ್ತದೆ. ಕುಡಿತ ಹಿಂಸೆಯನ್ನು ಹೆಚ್ಚಿಸುತ್ತದೆ, ಅದನ್ನು ಬಿಡಿಸುವ ಚಿಕಿತ್ಸೆಯೂ ಬೇಕು. ಆದರೆ ಬೇರು ಇರುವುದು "ಇವಳು ನನ್ನವಳು, ಹೊಡೆದರೆ ಕೇಳುವವರಿಲ್ಲ" ಎಂಬ ಎಣಿಕೆಯಲ್ಲಿ. ಕೇಳುವವರು ಇದ್ದಾರೆ ಎಂದು ತೋರಿಸುವುದು ಸಂಘದ ಕೆಲಸ.

"ಉಂಡು ಮಲಗೋ ತನಕ"

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂಬ ಗಾದೆ ಎಲ್ಲರಿಗೂ ಗೊತ್ತು. ಉಪ್ಪು ಹೆಚ್ಚಾಯಿತು, ಹಬ್ಬಕ್ಕೆ ತವರಿಗೆ ಕಳಿಸಲಿಲ್ಲ ಎಂಬಂಥ ಜಗಳಕ್ಕೆ ಆ ಗಾದೆ ಸರಿ. ಜಗಳದಲ್ಲಿ ಇಬ್ಬರೂ ಮಾತಾಡುತ್ತಾರೆ, ಇಬ್ಬರಿಗೂ ಸಿಟ್ಟು ಬರುತ್ತದೆ, ಇಬ್ಬರಿಗೂ ಭಯವಿರುವುದಿಲ್ಲ. ಹಿಂಸೆಯಲ್ಲಿ ಒಬ್ಬರು ಮಾತ್ರ ಹೆದರುತ್ತಾರೆ. ಅವನ ಗಾಡಿಯ ಸದ್ದು ಕೇಳಿದ ಕೂಡಲೇ ಹೆಂಡತಿಯ ಎದೆ ಡವಡವ ಅಂದರೆ, ಮಕ್ಕಳು ಪುಸ್ತಕ ಮುಚ್ಚಿ ಮೂಲೆ ಸೇರಿದರೆ, ಅದು ಜಗಳವಲ್ಲ. ಈ ವ್ಯತ್ಯಾಸವನ್ನು ಎಲ್ಲರೂ ತಿಳಿದಿರಬೇಕು.

"ಮನೆ ವಿಷಯ, ನಮಗ್ಯಾಕೆ" ಎಂದು ಊರೆಲ್ಲ ಸುಮ್ಮನಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಪಾಠವಿದೆ. ಬೆಂಗಳೂರಿನಲ್ಲಿ 1979ರಿಂದ ಕೆಲಸ ಮಾಡುತ್ತಿರುವ ವಿಮೋಚನಾ ಎಂಬ ಮಹಿಳಾ ಸಂಘಟನೆ 1990ರ ದಶಕದ ಕೊನೆಯಲ್ಲಿ ನಗರದಲ್ಲಿ ಸುಟ್ಟಗಾಯಗಳಿಂದ ಸಾಯುತ್ತಿದ್ದ ಮಹಿಳೆಯರ ವಿವರ ಸಂಗ್ರಹಿಸಿತು. ವಿಕ್ಟೋರಿಯಾ ಆಸ್ಪತ್ರೆಯ ವಾರ್ಡಿಗೆ ಹೋಗಿ ಮನೆಯವರನ್ನು, ನೆರೆಯವರನ್ನು ಕಂಡು ಮಾತಾಡಿತು. ಸಾವಿನ ಮೇಲೆ ಸಾವು ದಾಖಲೆಯಲ್ಲಿ "ಸ್ಟೌ ಸಿಡಿದು ಆಕಸ್ಮಿಕ" ಎಂದೋ "ಆತ್ಮಹತ್ಯೆ" ಎಂದೋ ಮುಗಿದುಹೋಗಿತ್ತು. ಎಷ್ಟೋ ಸಾವುಗಳ ಹಿಂದೆ ವರದಕ್ಷಿಣೆಯ ಕಿರುಕುಳ, ಹೊಡೆತ ಇತ್ತು. ಸ್ಟೌಗಳು ಮದುವೆಯಾದ ಹೆಣ್ಣುಮಕ್ಕಳ ಕೈಯಲ್ಲೇ ಯಾಕೆ ಸಿಡಿಯುತ್ತವೆ ಎಂದು ಮಹಿಳೆಯರು ಬೀದಿಗಿಳಿದು ಕೇಳಿದರು. ಇವು ಒಂದೇ ದಿನದ ಸಾವುಗಳಲ್ಲ. ಮುಂಚೆ ತಿಂಗಳುಗಟ್ಟಲೆ ಸದ್ದು ಕೇಳಿರುತ್ತದೆ, ನೆರೆಮನೆಯ ಗೋಡೆಗೆ ಗೊತ್ತಿರುತ್ತದೆ.

ನೆರೆಯವರು ಏನು ಮಾಡಬಹುದು?

2008ರಲ್ಲಿ ಬ್ರೇಕ್‌ಥ್ರೂ ಎಂಬ ಸಂಸ್ಥೆ "ಬೆಲ್ ಬಜಾವೋ" ಎಂಬ ಪ್ರಚಾರ ಶುರು ಮಾಡಿತು. ನಮ್ಮ ಕರ್ನಾಟಕದಲ್ಲೂ ಅದು ನಡೆಯಿತು. ಟಿ.ವಿ.ಯಲ್ಲಿ ಬಂದ ಆ ಪುಟ್ಟ ಚಿತ್ರಗಳಲ್ಲಿ ಒಬ್ಬ ಗಂಡಸೋ ಹುಡುಗನೋ ಪಕ್ಕದ ಮನೆಯಲ್ಲಿ ಹೊಡೆಯುವ ಸದ್ದು ಕೇಳುತ್ತಾನೆ. ಹೋಗಿ ಬೆಲ್ ಒತ್ತುತ್ತಾನೆ. ಬಾಗಿಲು ತೆಗೆದಾಗ ಏನೋ ಒಂದು ಸಣ್ಣ ನೆಪ ಹೇಳುತ್ತಾನೆ, ಅಷ್ಟೆ. ಒಳಗಿದ್ದವನಿಗೆ ಸಂಗತಿ ಅರ್ಥವಾಗುತ್ತದೆ: ಹೊರಗೆ ಕೇಳಿಸುತ್ತಿದೆ.

ನಮ್ಮ ವಠಾರಗಳಲ್ಲಿ ಎಲ್ಲ ಮನೆಗೂ ಬೆಲ್ ಇಲ್ಲದಿರಬಹುದು. ಬಾಗಿಲಂತೂ ಇದೆ. "ಅಕ್ಕಾ, ಹೆಪ್ಪಿಗೆ ಒಂಚೂರು ಮಜ್ಜಿಗೆ ಇದೆಯಾ?" ಎಂದು ತಟ್ಟಬಹುದು. ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಹೋಗಿ. ಅವನ ಜೊತೆ ವಾದಕ್ಕೆ ನಿಲ್ಲಬೇಡಿ. ಕೈಯಲ್ಲಿ ಮಚ್ಚು, ಕತ್ತಿ ಇದೆ ಎಂದು ಗೊತ್ತಾದರೆ ಬಾಗಿಲಿಗೆ ಹೋಗದೆ ನೇರವಾಗಿ 112ಕ್ಕೆ ಫೋನ್ ಮಾಡಿ.

"ನಾವು ಹೇಳಿದರೆ ನಮ್ಮ ಮೇಲೇ ಕೇಸ್ ಬಿದ್ದರೆ?" ಎಂಬ ಭಯ ಬೇಡ. 2005ರ ಕಾಯ್ದೆಯ 4ನೇ ಕಲಂ ಪ್ರಕಾರ ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ.

ಅವಳು ಬಾಯಿಬಿಟ್ಟಾಗ

ಒಬ್ಬ ಅಕ್ಕ ಧೈರ್ಯ ಮಾಡಿ ಹೇಳಿಕೊಂಡಳು ಎಂದಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ನಾವು ಆಡುವ ಮಾತು ಅವಳ ದಾರಿಯನ್ನು ತೆರೆಯಲೂಬಹುದು, ಮುಚ್ಚಲೂಬಹುದು.

ಹೇಳಬಾರದ ಮಾತುಗಳು: "ನೀನೇನು ಮಾಡಿದೆ?" "ಎದುರು ಮಾತಾಡಿರ್ತೀಯ." "ಮಕ್ಕಳ ಮುಖ ನೋಡಿ ಸಹಿಸ್ಕೋ." "ನಾನೂ ತಿಂದಿಲ್ವಾ ಏಟು?" "ನಾಳೆನೇ ಬಿಟ್ಟು ಬಾ."

ಹೇಳಬೇಕಾದ ಮಾತುಗಳು: "ನೀನು ಹೇಳಿದ್ದು ಒಳ್ಳೆಯದಾಯ್ತು." "ನಾವು ನಂಬ್ತೀವಿ." "ಇದು ನಿನ್ನ ತಪ್ಪಲ್ಲ." "ಈಗ ನಿನಗೆ ಏನು ಬೇಕು?"

ಬಿಟ್ಟು ಬರಬೇಕೋ, ಇದ್ದು ಹೋರಾಡಬೇಕೋ, ದೂರು ಕೊಡಬೇಕೋ ಎಂಬ ತೀರ್ಮಾನ ಅವಳದೇ. ನಮ್ಮ ಕೆಲಸ ದಾರಿಗಳನ್ನು ತಿಳಿಸುವುದು, ಜೊತೆಗಿರುವುದು. ಅವಳು ಒಮ್ಮೆ ಹೋಗಿ, ಮತ್ತೆ ಅದೇ ಮನೆಗೆ ಮರಳಿದರೆ "ಇವಳಿಗೆ ಬುದ್ಧಿ ಇಲ್ಲ" ಎಂದು ಕೈಬಿಡಬೇಡಿ. ಹಿಂಸೆಯ ಮನೆಯಿಂದ ಹೊರಬರಲು ಬಹಳ ಮಂದಿಗೆ ಹಲವು ಪ್ರಯತ್ನ ಬೇಕಾಗುತ್ತದೆ.

ರಾಜಿ ಪಂಚಾಯ್ತಿಯ ಬಗ್ಗೆಯೂ ಎಚ್ಚರ. ಗಂಡ ಹೆಂಡತಿ ಇಬ್ಬರನ್ನೂ ಎದುರು ಕೂರಿಸಿ "ನಿನ್ನ ಕಷ್ಟ ಹೇಳು" ಎಂದರೆ ಅವಳು ಬಾಯಿಬಿಡುವುದಿಲ್ಲ. ಬಿಟ್ಟರೆ ಮನೆಗೆ ಹೋದ ಮೇಲೆ ಅದಕ್ಕೂ ಸೇರಿಸಿ ಏಟು. ಅವನಿಂದ "ಇನ್ಮೇಲೆ ಹೊಡೆಯಲ್ಲ" ಎಂದು ಪೇಪರಿನ ಮೇಲೆ ಬರೆಸಿಕೊಂಡ ಮಾತ್ರಕ್ಕೆ ಅವಳು ಸುರಕ್ಷಿತಳಾಗುವುದಿಲ್ಲ.

ಗುಟ್ಟು ಕಾಪಾಡುವುದು ಬಹಳ ಮುಖ್ಯ. ಅವಳು ಹೇಳಿದ್ದನ್ನು ನಿರ್ಣಯ ಪುಸ್ತಕದಲ್ಲಿ ಬರೆಯಬೇಡಿ, ಅದನ್ನು ಎಲ್ಲರೂ ಓದುತ್ತಾರೆ. ಹಿಂಸೆ ನಡೆದ ದಿನ, ಆದ ಗಾಯ, ಹೋದ ಆಸ್ಪತ್ರೆ ಇವನ್ನು ಬೇರೆ ಹಾಳೆಯಲ್ಲಿ, ಅವಳ ಒಪ್ಪಿಗೆ ಪಡೆದು, ಒಬ್ಬರು ಮಾತ್ರ ಬರೆದಿಟ್ಟುಕೊಳ್ಳಲಿ. ಮುಂದೆ ಅದು ಉಪಯೋಗಕ್ಕೆ ಬರುತ್ತದೆ.

ತಡಮಾಡಬಾರದ ಗುರುತುಗಳು

ಕೆಳಗಿನವುಗಳಲ್ಲಿ ಒಂದನ್ನು ಕೇಳಿದರೂ ಅಂದೇ ಸಹಾಯ ಕೇಳಬೇಕು. ಮುಂದಿನ ವಾರದ ಸಭೆಗೆ ಇಡಬಾರದು.

- ಕತ್ತು ಹಿಸುಕಿದ್ದಾನೆ. ಹೊರಗೆ ಗಾಯ ಕಾಣದಿದ್ದರೂ ಇದು ಜೀವಕ್ಕೆ ಅಪಾಯದ ಗುರುತು.
- ಕತ್ತಿ, ಮಚ್ಚು ಹಿಡಿದಿದ್ದಾನೆ, ಅಥವಾ ಸೀಮೆಎಣ್ಣೆ, ಪೆಟ್ರೋಲ್ ಸುರಿದು ಹೆದರಿಸಿದ್ದಾನೆ.
- ಗರ್ಭಿಣಿ ಎಂದು ಗೊತ್ತಿದ್ದೂ ಹೊಡೆದಿದ್ದಾನೆ.
- "ಬಿಟ್ಟು ಹೋದರೆ ನಿನ್ನನ್ನೂ ಮಕ್ಕಳನ್ನೂ ಮುಗಿಸ್ತೀನಿ" ಎಂದಿದ್ದಾನೆ.
- ಅವಳೇ "ಬದುಕಿ ಏನು ಪ್ರಯೋಜನ" ಎನ್ನತೊಡಗಿದ್ದಾಳೆ. ಇಂಥವಳನ್ನು ಒಬ್ಬಳೇ ಬಿಡಬೇಡಿ.

ಮುಂಚಿತವಾಗಿ ಒಂದು ಚೀಲ ಸಿದ್ಧ ಮಾಡಿಡಲು ಅವಳಿಗೆ ಹೇಳಿ. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಲಗ್ನಪತ್ರಿಕೆ ಅಥವಾ ಮದುವೆಯ ಫೋಟೋ, ಮಕ್ಕಳ ಜನನ ಪ್ರಮಾಣಪತ್ರ, ಆಸ್ಪತ್ರೆಯ ಚೀಟಿಗಳು, ಮಾತ್ರೆ, ಸ್ವಲ್ಪ ದುಡ್ಡು, ಒಂದು ಜೊತೆ ಬಟ್ಟೆ. ಆ ಚೀಲವನ್ನು ನಂಬಿಕೆಯ ನೆರೆಮನೆಯಲ್ಲಿ ಇಡಬಹುದು. ಕಾಗದಗಳ ಜೆರಾಕ್ಸ್ ಸಂಘದ ಪೆಟ್ಟಿಗೆಯಲ್ಲಿರಲಿ. ಮಕ್ಕಳಿಗೆ 112 ಒತ್ತುವುದನ್ನು ಕಲಿಸಿ.

ಗಾಯವಾಗಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಕರೆದುಕೊಂಡು ಹೋಗಿ. "ಬಚ್ಚಲಲ್ಲಿ ಜಾರಿ ಬಿದ್ದೆ" ಎನ್ನದೆ ನಡೆದದ್ದನ್ನೇ ವೈದ್ಯರಿಗೆ ಹೇಳಲು ಧೈರ್ಯ ಕೊಡಿ. ವೈದ್ಯರು ಬರೆದದ್ದೇ ನಾಳೆ ಅವಳ ಸಾಕ್ಷಿ. ಚೀಟಿಯನ್ನು ಎಸೆಯಬೇಡಿ.

ಕಾನೂನಿನಿಂದ ಏನು ಸಿಗುತ್ತದೆ?

"ಕೇಸ್ ಹಾಕಿದರೆ ಗಂಡ ಜೈಲಿಗೆ, ಸಂಸಾರ ಬೀದಿಗೆ" ಎಂಬ ಭಯದಿಂದಲೇ ಬಹಳ ಮಂದಿ ಸುಮ್ಮನಾಗುತ್ತಾರೆ. 2005ರ ಕಾಯ್ದೆಯ ಮೊದಲ ಉದ್ದೇಶ ಜೈಲಲ್ಲ, ರಕ್ಷಣೆ. ಅದೇ ಮನೆಯಲ್ಲಿದ್ದುಕೊಂಡೇ ಅವಳು ಮ್ಯಾಜಿಸ್ಟ್ರೇಟರಿಂದ ಈ ಆದೇಶಗಳನ್ನು ಕೇಳಬಹುದು:

- ಹೊಡೆಯಬಾರದು, ಬೆದರಿಸಬಾರದು, ಕೆಲಸದ ಜಾಗಕ್ಕೆ ಬಂದು ಪೀಡಿಸಬಾರದು ಎಂಬ ರಕ್ಷಣಾದೇಶ.
- ಮನೆಯಿಂದ ಹೊರಹಾಕಬಾರದು ಎಂಬ ವಾಸದ ಆದೇಶ. ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಸರಿ. ಅವಳು ಸೊಸೆಯಾಗಿ ಬಾಳಿದ ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಈ ಹಕ್ಕನ್ನು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ.
- ಅವಳಿಗೂ ಮಕ್ಕಳಿಗೂ ಜೀವನಾಂಶ, ಚಿಕಿತ್ಸೆಯ ಖರ್ಚು, ಆದ ನಷ್ಟ.
- ಮಕ್ಕಳನ್ನು ತಾತ್ಕಾಲಿಕವಾಗಿ ತನ್ನ ಬಳಿ ಇಟ್ಟುಕೊಳ್ಳುವ ಆದೇಶ. ನೋವಿಗೆ ಪರಿಹಾರ.

ಅರ್ಜಿ ಬಂದರೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು, ಅರವತ್ತು ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಕೋರ್ಟುಗಳಲ್ಲಿ ಇದಕ್ಕಿಂತ ತಡವಾಗುವುದುಂಟು. ಅದಕ್ಕೇ ಮೊದಲ ದಿನವೇ ಮಧ್ಯಂತರ ಆದೇಶ ಕೇಳಬೇಕು. ರಕ್ಷಣಾದೇಶ ಮೀರಿದರೆ ಅದು ಅಪರಾಧ: ಒಂದು ವರ್ಷದವರೆಗೆ ಜೈಲು, ಅಥವಾ ಇಪ್ಪತ್ತು ಸಾವಿರದವರೆಗೆ ದಂಡ, ಅಥವಾ ಎರಡೂ.

ಇನ್ನೊಂದು ಅನುಕೂಲ: ಅವಳು ತಾತ್ಕಾಲಿಕವಾಗಿ ವಾಸವಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಭದ್ರಾವತಿಯ ಗಂಡನ ಮನೆಯಿಂದ ಶಿವಮೊಗ್ಗದ ತವರಿಗೆ ಬಂದವಳು ಶಿವಮೊಗ್ಗದಲ್ಲೇ ಹಾಕಬಹುದು.

ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಪೊಲೀಸ್ ದೂರು ಕೊಡುವ ದಾರಿ ಬೇರೆ ಇದೆ. ಹಿಂದೆ 498ಎ ಎಂದು ಎಲ್ಲರ ಬಾಯಲ್ಲಿದ್ದ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 85ನೇ ಕಲಂ ಆಗಿದೆ. ಮೂರು ವರ್ಷದವರೆಗೆ ಜೈಲು ಮತ್ತು ದಂಡವಿದೆ.

ಯಾರ ಹತ್ತಿರ ಹೋಗಬೇಕು?

- 181: ಮಹಿಳಾ ಸಹಾಯವಾಣಿ. 112: ತುರ್ತು ಪೊಲೀಸ್ ನೆರವು. 1098: ಮಕ್ಕಳಿಗೆ ತೊಂದರೆ ಅಥವಾ ಬಾಲ್ಯವಿವಾಹ ನಡೆಯುವ ಸೂಚನೆ ಇದ್ದರೆ.
- ಸಂರಕ್ಷಣಾಧಿಕಾರಿ: ತಾಲ್ಲೂಕು ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಛೇರಿಯಲ್ಲಿ, ಅಂದರೆ ಸಿ.ಡಿ.ಪಿ.ಓ. ಆಫೀಸಿನಲ್ಲಿ ವಿಚಾರಿಸಿ. ದಾರಿ ಗೊತ್ತಿಲ್ಲದಿದ್ದರೆ ಅಂಗನವಾಡಿ ಟೀಚರ್ ಹೇಳುತ್ತಾರೆ. ಹಿಂಸೆಯ ವರದಿಯನ್ನು ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುವುದು ಈ ಅಧಿಕಾರಿಯ ಕರ್ತವ್ಯ.
- ಸಖಿ ಒನ್ ಸ್ಟಾಪ್ ಸೆಂಟರ್: ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಸಮಾಲೋಚನೆ, ಕೆಲವು ದಿನಗಳ ಆಶ್ರಯ ಒಂದೇ ಕಡೆ ಸಿಗಲಿ ಎಂದು ಸರ್ಕಾರ ಜಿಲ್ಲೆಗಳಲ್ಲಿ ನಡೆಸುವ ಕೇಂದ್ರ. 181ಕ್ಕೆ ಫೋನ್ ಮಾಡಿದರೆ ಸಂಪರ್ಕ ಸಿಗುತ್ತದೆ.
- ಉಚಿತ ವಕೀಲರು: ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಇದು ಹಕ್ಕು. ಕೋರ್ಟಿನ ಆವರಣದಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.

ಒಬ್ಬಳನ್ನೇ ಕಳಿಸಬೇಡಿ. ಸಂಘದಿಂದ ಇಬ್ಬರು ಜೊತೆಗೆ ಹೋಗಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಜಾತ್ರೆಗೆ, ದೇವಸ್ಥಾನಕ್ಕೆ ಹೋದಂತೆ ಕೋರ್ಟಿಗೂ ಜೊತೆಯಾಗಿ ಹೋಗಬಹುದಲ್ಲ!

ತಡೆಯುವುದು ಎಲ್ಲಿಂದ?

ಗಾಯಕ್ಕೆ ಮದ್ದು ಹಚ್ಚುವುದಕ್ಕಿಂತ ಏಟನ್ನೇ ತಡೆಯುವುದು ಮೇಲು. ಆ ಕೆಲಸ ನಮ್ಮ ಅಡಿಗೆಮನೆಯಿಂದಲೇ ಶುರು. ಅಣ್ಣ ಉಂಡ ತಟ್ಟೆಯನ್ನು ತಂಗಿ ತೊಳೆಯಬೇಕು ಎಂದು ಕಲಿಸಿದರೆ ಅವನು ಮುಂದೆ ಹೆಂಡತಿಯನ್ನೂ ಹಾಗೆಯೇ ನೋಡುತ್ತಾನೆ. ಮಗನಿಗೆ ತಟ್ಟೆ ತೊಳೆಯಲು, ಅಳಲು, ಸೋಲಲು ಕಲಿಸಿ. ಮಗಳಿಗೆ ಓದು ಕೊಡಿ, ಅವಳ ಹೆಸರಿನಲ್ಲಿ ಖಾತೆ ತೆರೆಯಿರಿ. ಹದಿನೆಂಟು ತುಂಬುವ ಮೊದಲು ಮದುವೆ ಬೇಡ. "ವರದಕ್ಷಿಣೆ ಕೊಡಲ್ಲ, ತಗೊಳ್ಳಲ್ಲ" ಎಂದು ಸಂಘದಲ್ಲಿ ಪ್ರತಿಜ್ಞೆ ಮಾಡಿದವರು ಮಗನ ಮದುವೆಯಲ್ಲೂ ಅದನ್ನು ನೆನಪಿಡಿ.

ಮಗಳನ್ನು ಕಳಿಸಿಕೊಡುವಾಗ "ಇನ್ನು ಅದೇ ನಿನ್ನ ಮನೆ" ಎನ್ನುತ್ತೇವೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆ ಎಷ್ಟೋ ಹೆಣ್ಣುಮಕ್ಕಳ ತವರಿನ ದಾರಿಯನ್ನೇ ಮುಚ್ಚಿದೆ. ಅದರ ಬದಲು "ಬಾಗಿಲು ತೆರೆದೇ ಇರುತ್ತೆ ಮಗಳೇ" ಎನ್ನಿ. ಆ ಒಂದು ಮಾತು ಎಷ್ಟೋ ಜೀವ ಉಳಿಸಬಲ್ಲದು. ನಮ್ಮದೇ ಜಿಲ್ಲೆಯ ಉಡುತಡಿಯ ಅಕ್ಕಮಹಾದೇವಿ, ಕೊಟ್ಟ ಮಾತಿಗೆ ತಪ್ಪಿದ ಅರಸನ ಅರಮನೆಯನ್ನೇ ಬಿಟ್ಟು ನಡೆದಳು ಎಂದು ಕಥೆ ಕೇಳಿದ್ದೇವೆ. ಎಂಟುನೂರು ವರ್ಷದಿಂದ ನಾಡು ಅವಳನ್ನು ಅಕ್ಕ ಎಂದು ಕರೆಯುತ್ತಿದೆ, ಮನೆ ಬಿಟ್ಟವಳು ಎಂದು ಹಳಿಯಲಿಲ್ಲ.

ಪ್ರತಿ ವರ್ಷ ನವೆಂಬರ್ 25ನ್ನು ಮಹಿಳೆಯರ ಮೇಲಿನ ಹಿಂಸೆ ತೊಡೆಯುವ ದಿನವಾಗಿ ಇಡೀ ಜಗತ್ತು ಆಚರಿಸುತ್ತದೆ. ಡೊಮಿನಿಕನ್ ಗಣರಾಜ್ಯ ಎಂಬ ದೇಶದಲ್ಲಿ ಸರ್ವಾಧಿಕಾರಿಯನ್ನು ವಿರೋಧಿಸಿದ ಮಿರಬಾಲ್ ಮನೆತನದ ಮೂವರು ಅಕ್ಕತಂಗಿಯರನ್ನು 1960ರಲ್ಲಿ ಅದೇ ದಿನ ಕೊಂದರು. ಅವರ ನೆನಪಿಗೆ ವಿಶ್ವಸಂಸ್ಥೆ 1999ರಲ್ಲಿ ಈ ದಿನವನ್ನು ಘೋಷಿಸಿತು. ಆ ದಿನದಿಂದ ಡಿಸೆಂಬರ್ 10ರ ಮಾನವ ಹಕ್ಕುಗಳ ದಿನದವರೆಗೆ ಹದಿನಾರು ದಿನ. ಆ ದಿನಗಳಲ್ಲಿ ಒಂದು ಸಭೆಗೆ ಗಂಡಸರನ್ನೂ, ಹದಿಹರೆಯದ ಗಂಡುಮಕ್ಕಳನ್ನೂ ಕರೆಯಿರಿ. ಹೊಡೆಯದ ಗಂಡಸರು ನಮ್ಮ ಬೀದಿಗಳಲ್ಲಿ ಬಹಳ ಮಂದಿ ಇದ್ದಾರೆ. ಅವರು ಬಾಯಿಬಿಟ್ಟರೆ ಹೊಡೆಯುವವನಿಗೆ ನಾಚಿಕೆಯಾಗುತ್ತದೆ.

ಸಭೆಯಲ್ಲಿ ಚರ್ಚಿಸಿ

1. ಜಗಳಕ್ಕೂ ಹಿಂಸೆಗೂ ಏನು ವ್ಯತ್ಯಾಸ? ಒಂದೊಂದು ಉದಾಹರಣೆ ಹೇಳಿ. ಯಾರ ಮನೆಯ ಹೆಸರನ್ನೂ ಹೇಳಬೇಡಿ.
2. ನಮ್ಮ ಸಂಘದಲ್ಲಿ ಕಂತು ತಪ್ಪಿದಾಗ ಏನು ಮಾಡುತ್ತೇವೆ? ಅದರಿಂದ ಯಾರಿಗಾದರೂ ಮನೆಯಲ್ಲಿ ತೊಂದರೆಯಾಗುತ್ತದೆಯೇ?
3. ನಮ್ಮ ಸದಸ್ಯೆಯರಲ್ಲಿ ಎಷ್ಟು ಮಂದಿಯ ಪಾಸ್‌ಬುಕ್ ಅವರ ಕೈಯಲ್ಲೇ ಇದೆ?
4. ರಾತ್ರಿ ಹನ್ನೊಂದಕ್ಕೆ ಒಬ್ಬ ಅಕ್ಕ ಮಕ್ಕಳನ್ನು ಕಟ್ಟಿಕೊಂಡು ಬಂದರೆ ಯಾರ ಮನೆಯಲ್ಲಿ ಜಾಗ ಕೊಡುತ್ತೀರಿ?

ಈ ತಿಂಗಳ ನಿರ್ಣಯ

ಗುಟ್ಟು ಕಾಪಾಡಬಲ್ಲ ಇಬ್ಬರು ಸದಸ್ಯೆಯರನ್ನು ಆರಿಸಿ. ಕಷ್ಟ ಹೇಳಿಕೊಳ್ಳುವವರು ಅವರ ಹತ್ತಿರ ಹೋಗಬಹುದು ಎಂದು ಎಲ್ಲರಿಗೂ ತಿಳಿಸಿ. 181 ಮತ್ತು 112 ಈ ಎರಡು ಸಂಖ್ಯೆಗಳನ್ನು ಎಲ್ಲರೂ ಬಾಯಿಪಾಠ ಮಾಡಿ, ಓದು ಬಾರದವರಿಗೆ ಫೋನಿನಲ್ಲಿ ಒತ್ತಿ ತೋರಿಸಿ. ನಾಲ್ಕನೆಯ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಮಾತ್ರ ಪುಸ್ತಕದಲ್ಲಿ ಬರೆಯಬೇಡಿ. ಸದಸ್ಯೆಯರ ಮನಸ್ಸಿನಲ್ಲಿ ಇದ್ದರೆ ಸಾಕು.